ದೇವರು ಮುಂದೆ, ಹಂಡೆ ಹಿಂದೆ

ಒಮಾನಿನ ಬಿಸಿಲನ್ನು ಬೈಯದವರನ್ನು ನಾನು ಕಂಡಿಲ್ಲ. ನಾನೊಬ್ಬಳು ಮಾತ್ರ ಬೈಯುವುದಿಲ್ಲ. ಊರಿನಲ್ಲಿ ಸಂಡಿಗೆ ಇಟ್ಟರೆ ಆಕಾಶ ನೋಡುತ್ತಾ, ಕಾಗೆ ಓಡಿಸುತ್ತಾ, ಪಕ್ಕದ ಮನೆಯ ನಾಯಿಗೆ ಕಲ್ಲು ತೋರಿಸುತ್ತಾ ದಿನಗಟ್ಟಲೆ ಕಾಯಬೇಕು. ಮಸ್ಕತ್ತಿನಲ್ಲಿ ತಾರಸಿಯ ಮೇಲೆ ಹಳೇ ಪಂಚೆ ಹಾಸಿ, ಒಂದು ತುದಿಯಿಂದ ಇಡುತ್ತಾ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲಿನದು ಒಣಗಿ ಟಣ್ ಎನ್ನುತ್ತದೆ. ಆ ಬಿಸಿಲಿಗೆ ಕಾಗೆಯೂ ಹೊರಗೆ ಬರುವುದಿಲ್ಲ. ಇಂಥ ಚಿಕ್ಕ ಚಿಕ್ಕ ಉಪಕಾರಗಳನ್ನು ಲೆಕ್ಕ ಇಟ್ಟುಕೊಂಡೇ ನಾನು ಇಷ್ಟು ವರ್ಷ ಪರದೇಶದಲ್ಲಿ ಸಂಸಾರ ಮಾಡಿದ್ದು. ದೊಡ್ಡದನ್ನು ಕೇಳಲು ದೇವರ ಮುಂದೆ ಬಹಳ ಜನ ಸಾಲು ನಿಂತಿರುತ್ತಾರೆ. ಸಣ್ಣದಕ್ಕೆ ಅಷ್ಟು ಗಲಾಟೆ ಇಲ್ಲ.

ಹೀಗೆ ಒಂದು ಜುಲೈ ತಿಂಗಳ ಬೆಳಿಗ್ಗೆ, ಬೌಷರಿನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನಾನು ಅಕ್ಕಿ ಸಂಡಿಗೆ ಇಡುತ್ತಿದ್ದಾಗ, ಆಫೀಸಿನಲ್ಲಿರಬೇಕಾಗಿದ್ದ ನಮ್ಮ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಬೂಟು ಕಾಲು. ನಡುವೆ ಒದ್ದೆ ಸಂಡಿಗೆಯ ಪಂಚೆ. ಇಷ್ಟು ವರ್ಷದ ಸಂಸಾರದಲ್ಲಿ ಒದ್ದೆ ಸಂಡಿಗೆ ದಾಟಬಾರದು ಎನ್ನುವಷ್ಟು ಅವರು ಕಲಿತಿದ್ದರು. ಆಚೆ ದಂಡೆಯಲ್ಲಿ ನಿಂತೇ ಸುದ್ದಿ ಹೇಳಿದರು.

"ವಿನುತಾಗೆ ಹೆರಿಗೆ ಆಯ್ತಂತೆ ಮಾರಾಯ್ತಿ. ಸುಧಾಕರ ಸಲಾಲಾದಿಂದ ಆಫೀಸಿಗೆ ಫೋನ್ ಮಾಡಿದ್ದ. ದಿನ ತುಂಬುವ ಮೊದಲೇ ಆಯ್ತು. ಇಬ್ಬರೂ ಚೆನ್ನಾಗಿದ್ದಾರಂತೆ."

"ಎಂತ ಮಗು?"

"ಮಗು... ಮಗು ಅಂತ ಹೇಳಿದ."

"ಗಂಡಾ ಹೆಣ್ಣಾ ಅಂತ ಕೇಳ್ಲಿಲ್ವಾ ನೀವು?"

"ಫೋನ್ ಕಟ್ ಆಯ್ತು" ಎಂದರು. ಗಂಡಸರ ಫೋನು ಯಾವಾಗಲೂ ಅಲ್ಲಿಗೇ ಕಟ್ಟಾಗುತ್ತದೆ.

ವಿನುತಾ ನನ್ನ ಅಕ್ಕನ ಮಗಳು. ಮದುವೆಯಾಗಿ ವರ್ಷ ಕಳೆದಿತ್ತಷ್ಟೇ. ಗಂಡ ಸುಧಾಕರನಿಗೆ ಸಲಾಲಾದ ಬಂದರಿನಲ್ಲಿ ಪಾಳಿಯ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಬಾಣಂತನಕ್ಕೆ ಊರಿನಿಂದ ಅಕ್ಕ ಬರುವುದೆಂದು ನಿಶ್ಚಯವಾಗಿತ್ತು. ಆದರೆ ಅಕ್ಕನ ವೀಸಾ ಕಫೀಲನ, ಅಂದರೆ ಅಲ್ಲಿನ ಜಾಮೀನುದಾರನ, ಸಹಿಗಾಗಿ ಕಾದುಕೊಂಡಿತ್ತು, ಮಗು ಯಾರ ಸಹಿಗೂ ಕಾಯದೆ ಬಂದುಬಿಟ್ಟಿತ್ತು. ನಾಡಿದ್ದು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. ಸುಧಾಕರನಿಗೆ ಅಲ್ಲಿಯವರೆಗೆ ಮಾತ್ರ ರಜೆ. ಆಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಆ ಹುಡುಗಿ ಒಬ್ಬಳೇ. ಅವಳು ಎಂಥವಳೆಂದರೆ, ನಮ್ಮ ಮನೆಗೆ ಬಂದಾಗ ಬೆಕ್ಕಿನ ಮರಿಯನ್ನು ಎತ್ತಿಕೊಳ್ಳಲೂ ಎಲ್ಲಿ ನೋವಾದೀತೋ ಎಂದು ಹೆದರಿದವಳು. ಮಗುವನ್ನು ಕಾಲಿನ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಮೀಯಿಸುವುದನ್ನು ಯಾರು ಹೇಳಿಕೊಡಬೇಕು? ಅವಳ ಬೆನ್ನಿಗೆ ಬಿಸಿನೀರು ಹೊಯ್ಯುವವರು ಯಾರು? ನನ್ನ ಎರಡು ಬಾಣಂತನದಲ್ಲೂ ಅಕ್ಕ ನಿದ್ದೆ ಬಿಟ್ಟು ನನ್ನನ್ನು ನೋಡಿಕೊಂಡಿದ್ದಳು. ಆ ಮನೆಗೆ ವಿನುತಾ ಕಾಲಿಡುವ ದಿನ ನಾನು ಅಲ್ಲಿ ಇರಲೇಬೇಕು ಎಂದು ತಾರಸಿಯಲ್ಲೇ ತೀರ್ಮಾನಿಸಿದೆ. ನಮ್ಮ ಇಬ್ಬರು ಹುಡುಗರು ಶಾಲೆಯ ರಜೆಗೆ ಊರಿಗೆ ಹೋಗಿದ್ದರು, ಅದೊಂದು ಪುಣ್ಯ.

ಹೋಗುವುದು ಹೇಗೆ? ವಿಮಾನದಲ್ಲಿ ಸೀಟು ಇರಲಿಲ್ಲ. ಆ ತಿಂಗಳುಗಳಲ್ಲಿ ಸಲಾಲಾದಲ್ಲಿ ತುಂತುರು ಮಳೆ, ತಂಪು. ಮಸ್ಕತ್ತಿನಲ್ಲಿ ಬೇಯುತ್ತಿರುವವರೆಲ್ಲ ಅಲ್ಲಿಗೇ ಹೊರಡುತ್ತಾರೆ. ಬಸ್ಸಿನಲ್ಲಿ ಹೋಗು ಎಂದರು ಇವರು. ಹೋಗಬಹುದಿತ್ತು. ಆದರೆ ಹಂಡೆ?

ಈ ಹಂಡೆಯ ವಿಷಯ ಸ್ವಲ್ಪ ಹೇಳಬೇಕು. ಒಮ್ಮೆ ರುಸ್ತಾಕಿಗೆ ಕೋಟೆ ನೋಡಲು ಹೋದಾಗ ನಾನು ಕೋಟೆಯನ್ನು ಹೊರಗಿನಿಂದಲೇ ನೋಡಿ ಪೇಟೆಯೊಳಗೆ ಹೋದೆ. ಅಲ್ಲಿ ಒಂದು ಅಂಗಡಿಯ ಮೂಲೆಯಲ್ಲಿ ಥೇಟು ನಮ್ಮೂರಿನ ಬಚ್ಚಲ ಹಂಡೆಯ ತಂಗಿಯ ಹಾಗೆ ಒಂದು ತಾಮ್ರದ ಹಂಡೆ ಕೂತಿತ್ತು. ಅವರು ಅದರಲ್ಲಿ ಹಬ್ಬಕ್ಕೆ ಏನು ಬೇಯಿಸುತ್ತಿದ್ದರೋ, ನಾನು ಕೇಳಲಿಲ್ಲ. ಮನೆಗೆ ತಂದು ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ತಿಕ್ಕಿದೆ. ಬಾಣಂತಿಯ ಸ್ನಾನಕ್ಕೆ ಪ್ಲಾಸ್ಟಿಕ್ ಬಕೆಟ್ಟಿನ ನೀರು ಸಾಲದು. ಹಂಡೆ ತುಂಬ ಕಾದ ನೀರು ಬೇಕು. ಹೊಯ್ಯುವಾಗ ಬೆನ್ನು ಕೆಂಪಾಗಬೇಕು, ಹೊಯ್ಯಿಸಿಕೊಂಡವಳು ನಮ್ಮನ್ನು ಬೈಯಬೇಕು. ಹಂಡೆಯ ಜೊತೆಗೆ ಊರಿನಿಂದ ಹಡಗಿನಲ್ಲಿ ತರಿಸಿದ ಅರೆಯುವ ಕಲ್ಲು. ಮಿಕ್ಸಿ ಉಂಟಲ್ಲ ಎಂದರು ಇವರು. ಬಾಣಂತಿ ಮದ್ದನ್ನು ಮಿಕ್ಸಿಯಲ್ಲಿ ಅರೆದರೆ ಆಮೇಲೆ ಮಿಕ್ಸಿಗೇ ಬಾಣಂತನ ಮಾಡಬೇಕಾಗುತ್ತದೆ ಎಂದೆ. ಮತ್ತೆ ಕುಚ್ಚಲಕ್ಕಿಯ ಚೀಲ, ಓಲೆಬೆಲ್ಲ, ಮೆಂತೆ, ಓಮ, ಬೆಳ್ಳುಳ್ಳಿ, ತೆಂಗಿನೆಣ್ಣೆಯ ಡಬ್ಬಿ, ಮಗುವಿಗೆ ಸುತ್ತಲು ನನ್ನ ಹಳೇ ಸೀರೆಗಳ ಗಂಟು. ಇದನ್ನೆಲ್ಲ ಕಟ್ಟಿಕೊಂಡು ಬಸ್ಸು ಹತ್ತಿದರೆ ಬಸ್ಸಿನವನು ನನ್ನನ್ನು ಇಳಿಸಿ ಹಂಡೆಗೆ ಸೀಟು ಕೊಡಬೇಕಾಗುತ್ತಿತ್ತು.

ಆಗ ಇವರಿಗೆ ಕ್ಯಾರವಾನ್ ನೆನಪಾಯಿತು. ಇವರದ್ದು ರಸ್ತೆ ಕಟ್ಟುವ ಕಂಪನಿಯ ಸ್ಟೋರಿನಲ್ಲಿ ಕೆಲಸ. ಅಲ್ಲಿನ ಇಂಜಿನಿಯರು ಕಾಲಿನ್ ಸಾಹೇಬರು ಆಸ್ಟ್ರೇಲಿಯಾದವರು. ಅವರೂ ಅವರ ಹೆಂಡತಿ ಮಾರ್ಗರೆಟ್ಟರೂ ಹಿಂದಿನ ತಿಂಗಳಷ್ಟೇ ಸಲಾಲಾದ ಸೈಟಿಗೆ ವರ್ಗವಾಗಿ ವಿಮಾನದಲ್ಲಿ ಹೋಗಿದ್ದರು. ತಮ್ಮ ದೇಶದಿಂದ ತಂದಿದ್ದ ಸ್ವಂತ ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಸಿಕ್ಕಿಸಿಕೊಂಡು ಹೋಗುವ ಚಕ್ರದ ಮನೆ, ಕಂಪನಿಯ ಅಂಗಳದಲ್ಲೇ ಉಳಿದಿತ್ತು. ಯಾರಾದರೂ ಡ್ರೈವರ್ ಕೈಯಲ್ಲಿ ಕಳಿಸಿಕೊಡಿ ಎಂದು ಇವರಿಗೆ ಹೇಳಿಟ್ಟಿದ್ದರು. ಇವರು ಸಲಾಲಾಕ್ಕೆ ಫೋನ್ ಮಾಡಿ, ಡ್ರೈವರ್ ಬೇಡ, ನಾನೇ ತರುತ್ತೇನೆ, ಹೆಂಡತಿಯೂ ಬರುತ್ತಾಳೆ ಎಂದರಂತೆ. ಸಾಹೇಬರಿಗೆ ಬಹಳ ಸಂತೋಷವಾಯಿತಂತೆ. ಹಂಡೆಯ ವಿಷಯ ಇವರು ಹೇಳಲಿಲ್ಲ.

ಆ ಕ್ಯಾರವಾನಿನ ಪರಿಚಯ ನನಗೆ ಮೊದಲೇ ಇತ್ತು. ಮದೀನತ್ ಸುಲ್ತಾನ್ ಖಾಬೂಸಿನ ಅವರ ಮನೆಗೆ ಒಮ್ಮೆ ಚಹಾಕ್ಕೆ ಕರೆದಿದ್ದರು. ಗೋಡೆಯ ಮೇಲೆ ಬೆಳಕು ಬಿಟ್ಟು, ಗಂಡ ಹೆಂಡತಿ ಇಬ್ಬರೇ ಅದರಲ್ಲಿ ಆಸ್ಟ್ರೇಲಿಯಾದ ನಡುಮಧ್ಯದ ಮರುಭೂಮಿ ಸುತ್ತಿದ ಚಿತ್ರಗಳನ್ನು ತೋರಿಸಿದರು. ನೆಲ ಎಂದರೆ ನಮ್ಮೂರಿನ ಮುರಕಲ್ಲಿನ ಹಾಗೆ ಕೆಂಪು. ಮನೆ ಇಲ್ಲ, ಮರ ಇಲ್ಲ, ಮನುಷ್ಯರು ಇಲ್ಲ. ಪ್ರತಿ ಚಿತ್ರದಲ್ಲೂ ಕ್ಯಾರವಾನ್, ಅದರ ಮುಂದೆ ಎರಡು ಕುರ್ಚಿ, ಕುರ್ಚಿಯಲ್ಲಿ ಮಾರ್ಗರೆಟ್. ಒಂದರಲ್ಲಿ ಹೆಣೆಯುತ್ತಿದ್ದರು, ಒಂದರಲ್ಲಿ ಬಟಾಟೆ ಸುಲಿಯುತ್ತಿದ್ದರು. ಸ್ನಾನಕ್ಕೆ ಏನು ಮಾಡುತ್ತಿದ್ದಿರಿ ಎಂದು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಕೇಳಿದೆ. ಎರಡು ದಿನಕ್ಕೊಮ್ಮೆ ಇಬ್ಬರಿಗೂ ಸೇರಿ ಒಂದು ಬಕೆಟ್ ಎಂದರು. ನಾನು ಬಿಸ್ಕೆಟನ್ನು ಬಶಿಗೆ ವಾಪಸು ಇಟ್ಟೆ. ಆದರೆ ಆಕೆ ಒಳ್ಳೆಯ ಹೆಂಗಸು. ಆ ಪ್ರವಾಸದಲ್ಲಿ ಏನು ಕಷ್ಟವಾಯಿತು ಎಂದರೆ ಆಕೆ ಹೇಳಿದ್ದಿಷ್ಟೇ: ಜಗಳವಾದಾಗ ಎದ್ದು ಹೋಗಲು ಬೇರೆ ಕೋಣೆ ಇರಲಿಲ್ಲವಂತೆ. ಆ ಮಾತು ನನಗೆ ಆಗ ನಗು ತರಿಸಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ ಕಂಪನಿಯ ಗಾಡಿಯ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಇವರು ಮನೆಯ ಮುಂದೆ ಬಂದು ನಿಂತರು. ಒಳಗೆ ಹೋಗಿ ನೋಡಿದೆ. ಮುಂಭಾಗದಲ್ಲಿ ಅಗಲ ಕಿಟಕಿ, ಅದರ ಕೆಳಗೆ ಉದ್ದನೆಯ ಹಲಗೆ. ನಡುವೆ ಮಂಚ, ಚಿಕ್ಕ ಒಲೆ. ತೀರ ಹಿಂದೆ ಬಾಗಿಲು ಹಾಕಿದ ಸಣ್ಣ ಪಾಯಿಖಾನೆ. ದೇವರಿಗೆ ಜಾಗ ಎಲ್ಲಿ ಎನ್ನುವುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಮುಂದಿನ ಹಲಗೆಯನ್ನು ಒರೆಸಿ, ನನ್ನ ಕೃಷ್ಣನ ಪಟವನ್ನೂ ಕಾಲು ದೀಪವನ್ನೂ ಇಟ್ಟೆ. ಅಷ್ಟು ಹೊತ್ತಿಗೆ ಇವರು ಅರೆಯುವ ಕಲ್ಲನ್ನು ಉರುಳಿಸಿಕೊಂಡು ಅದೇ ಹಲಗೆಯ ಕೆಳಗೆ ತಂದರು.

ಭಾರದ ಸಾಮಾನು ಮುಂದೆ ಇರಬೇಕು, ಇಲ್ಲದಿದ್ದರೆ ಓಡುವಾಗ ತೂಗುತ್ತದೆ ಎಂದು ಕಾಲಿನ್ ಸಾಹೇಬರು ಫೋನಿನಲ್ಲಿ ಹೇಳಿದ್ದಾರಂತೆ. ನಾನು ಒಪ್ಪಲಿಲ್ಲ. ನಮ್ಮಲ್ಲಿ ಹೆರಿಗೆಯ ಮೈಲಿಗೆಗೆ ಅಮೆ ಎನ್ನುತ್ತಾರೆ. ಅಮೆ ಕಳೆಯುವವರೆಗೆ ಆ ಮನೆಯವರು ದೇವರ ದೀಪ ಮುಟ್ಟುವ ಹಾಗಿಲ್ಲ. ಈ ಹಂಡೆ, ಈ ಕಲ್ಲು, ಈ ಬಟ್ಟೆಯ ಗಂಟು ಎಲ್ಲ ಹೋಗುತ್ತಿರುವುದೇ ಅಮೆಯ ಮನೆಗೆ. ಅದನ್ನು ತಂದು ದೇವರ ಕಾಲ ಬುಡದಲ್ಲಿ ಇಡುವುದೆ? ಹಾಗಾದರೆ ದೇವರನ್ನು ಹಿಂದೆ ಇಡು ಎಂದರು. ಹಿಂದೆ ಏನಿದೆ ಎಂದು ನಾನು ಬೆರಳು ತೋರಿಸಿದೆ. ಅವರು ಪಾಯಿಖಾನೆಯ ಬಾಗಿಲು ನೋಡಿದರು. "ಆಯ್ತು. ದೇವರು ನಿನ್ನದು, ಕಲ್ಲೂ ನಿನ್ನದು. ನನ್ನದು ಬರೀ ಸ್ಟೇರಿಂಗ್" ಎಂದು ಕಲ್ಲನ್ನು ಪುನಃ ಹಿಂದಕ್ಕೆ ಉರುಳಿಸಿದರು. ಅಕ್ಕಿ, ಹಂಡೆ, ಎಣ್ಣೆ, ನೀರಿನ ಕ್ಯಾನುಗಳು ಎಲ್ಲ ಹಿಂದೆ ಹೋದವು. ಮುಂದೆ ದೇವರು ಒಬ್ಬನೇ, ಹಗುರವಾಗಿ, ಕಿಟಕಿಗೆ ಬೆನ್ನು ಹಾಕಿ ಕೂತ. ನಾನು ದೀಪ ಹಚ್ಚಿ, ಸುಖವಾಗಿ ತಲುಪಿಸು ಎಂದು ಕೈಮುಗಿದು, ಮತ್ತೆ ದೀಪ ಶಾಂತ ಮಾಡಿ, ಗಾಡಿ ಹತ್ತಿದೆ.

ನಿಜ್ವಾದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆದಮ್ ದಾಟಿದ ಮೇಲೆ ಬೆಟ್ಟಗಳೆಲ್ಲ ಹಿಂದೆ ಉಳಿದು, ರೊಟ್ಟಿಯ ಹೆಂಚಿನ ಹಾಗೆ ಚಪ್ಪಟೆ ನೆಲ ಸುರುವಾಯಿತು. ನಡುವೆ ಒಂದು ರಸ್ತೆ, ಆಚೆ ಈಚೆ ಕಣ್ಣು ಹೋದಷ್ಟೂ ಜಲ್ಲಿ. ಅಲ್ಲಿ ಎದುರಿನಿಂದ ಒಂದು ಭಾರೀ ಲಾರಿ ಜುಂಯ್ ಎಂದು ಹೋಯಿತು. ನಮ್ಮ ಹಿಂದೆ ಕ್ಯಾರವಾನ್ ಒಮ್ಮೆ ಎಡಕ್ಕೆ ತೂಗಿತು, ಒಮ್ಮೆ ಬಲಕ್ಕೆ. ನಿಲ್ಲುತ್ತದೆ ಎಂದುಕೊಂಡರೆ ನಿಲ್ಲಲಿಲ್ಲ. ಬಾಲ ಬೀಸುವ ದನದ ಹಾಗೆ ಇನ್ನೂ ಜೋರಾಗಿ ಬೀಸತೊಡಗಿತು. ಅದರೊಟ್ಟಿಗೆ ನಮ್ಮ ಗಾಡಿಯ ಹಿಂಭಾಗವೂ ಕುಣಿಯಿತು. ಇವರು ಬಾಯಿ ಬಿಗಿಹಿಡಿದು, ಬ್ರೇಕು ಮುಟ್ಟದೆ, ಮೆಲ್ಲನೆ ಮೆಲ್ಲನೆ ವೇಗ ಇಳಿಸಿ ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ನಾನು ಕೃಷ್ಣಾ ಎಂದು ಸುರು ಮಾಡಿದವಳು ನಿಂತ ಮೇಲೂ ಹೇಳುತ್ತಲೇ ಇದ್ದೆ. ಗಾಳಿ ಎಂದೆ. ಗಾಳಿ ಇಲ್ಲ ಎಂದರು. ನಿಮ್ಮ ಡ್ರೈವಿಂಗು ಎಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಬೈಯುವ ಗಂಡನನ್ನು ಸುಧಾರಿಸಬಹುದು. ತಾನು ಹೇಳಿದ್ದೇ ಸರಿ ಎಂದು ಗೊತ್ತಿದ್ದೂ ಸುಮ್ಮನಿರುವ ಗಂಡನನ್ನು ಮಾತ್ರ ಸಹಿಸುವುದು ಕಷ್ಟ.

ಪುನಃ ಹೊರಟೆವು. ಆಮೆಯ ವೇಗದಲ್ಲಿ ಹೋದರೆ ತೂಗುವುದಿಲ್ಲ. ಸ್ವಲ್ಪ ವೇಗ ಕೊಟ್ಟರೆ ಬಾಲ ಸುರು. ಈ ಲೆಕ್ಕದಲ್ಲಿ ಹೋದರೆ ಸಲಾಲಾ ತಲುಪಲು ವಾರ ಬೇಕು. ಇವರು ಮತ್ತೆ ನಿಲ್ಲಿಸಿ, ಇಳಿದು, ಕ್ಯಾರವಾನಿನ ನೆರಳಿನಲ್ಲಿ ನಿಂತು ಎರಡು ದಾರಿ ಹೇಳಿದರು. ಒಂದು, ಆದಮಿಗೆ ವಾಪಸು ಹೋಗಿ ಕಲ್ಲು, ಹಂಡೆ ಎರಡನ್ನೂ ಯಾವುದಾದರೂ ಅಂಗಡಿಯಲ್ಲಿ ಬಿಟ್ಟು ಬರುವುದು. ಇನ್ನೊಂದು, ಅವನ್ನು ಮುಂದೆ ದೇವರ ಹತ್ತಿರ ಇಡುವುದು. ಹಂಡೆ ಬಿಟ್ಟು ಹೋಗಿ ನಾನು ಆ ಹುಡುಗಿಗೆ ಎಂತ ಬಾಣಂತನ ಮಾಡಲಿ ಎಂದೆ. ಹಾಗಾದರೆ ಮುಂದೆ ಇಡುವ ಎಂದರು. ಅದು ಆಗದು ಎಂದೆ. ಈ ಎರಡು ಮಾತುಗಳನ್ನು ನಾವು ಆ ಬಿಸಿಲಿನಲ್ಲಿ ಎಷ್ಟು ಸಲ ಹೇಳಿಕೊಂಡೆವೋ. ಸಿಟ್ಟಿನಿಂದ ಎದ್ದು ಹೋಗೋಣವೆಂದರೆ ಸುತ್ತಲೂ ಜಲ್ಲಿ. ಮಾರ್ಗರೆಟ್ ಹೇಳಿದ್ದು ನನಗೆ ಈಗ ಅರ್ಥವಾಯಿತು. ಬೇರೆ ಕೋಣೆ ಇರಲಿಲ್ಲ.

ಕೊನೆಗೆ ಇವರು ತಲೆಗೆ ಕಟ್ಟಿದ್ದ ಟವಲ್ ಬಿಚ್ಚಿ ಮುಖ ಒರೆಸಿಕೊಂಡು, ಬಹಳ ಮೆತ್ತಗೆ ಕೇಳಿದರು.

"ಅಲ್ಲ, ಈ ಅಮೆ ಯಾರಿಗೆ?"

"ವಿನುತಾಗೆ. ಅವಳ ಮನೆಯವರಿಗೆ."

"ವಿನುತಾ ಯಾವ ಬಳಿ?"

"ಅಕ್ಕನ ಬಳಿ."

"ಅಕ್ಕನ ಬಳಿ ಯಾವುದು?"

ನಾನು ಬೆರಳು ಮಡಚಿ ಅಜ್ಜಿ, ಅಮ್ಮ, ಅಕ್ಕ, ನಾನು ಎಂದು ಎಣಿಸಿದೆ.

"ಹೇಳು, ಹೇಳು. ಆ ಮಗುವಿನ ಅಮೆ ಕಲ್ಲಿಗೆ ಬಂತಾ, ನಿನಗೆ ಬಂತಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಅಳಿಯಕಟ್ಟಿನ ಕುಟುಂಬ. ಬಳಿ ಎಂದರೆ ಗೋತ್ರದ ಹಾಗೆ, ತಾಯಿಯ ಬಳಿಯೇ ಮಕ್ಕಳ ಬಳಿ. ವಂಶ ನಡೆಯುವುದು ಹೆಣ್ಣಿನ ಕಡೆಯಿಂದ. ಅಕ್ಕ, ನಾನು, ಅಕ್ಕನ ಮಗಳು, ಈಗ ಹುಟ್ಟಿದ ಆ ಮಗು ಎಲ್ಲ ಒಂದೇ ಕುಟುಂಬ. ಅಲ್ಲಿ ಹುಟ್ಟಿದರೆ ಇಲ್ಲಿ ನನಗೆ ಅಮೆ. ಗಂಡನದ್ದು ಅವರ ತಾಯಿಯ ಬಳಿ, ಅವರಿಗೆ ಇದರ ಸೋಂಕಿಲ್ಲ. ಇದು ನಮ್ಮಲ್ಲಿ ಚಿಕ್ಕ ಹುಡುಗಿಗೂ ಗೊತ್ತಿರುವ ವಿಷಯ. ನನಗೆ ಹೇಗೆ ಮರೆಯಿತು ಎಂದು ಆಮೇಲೆ ಯೋಚಿಸಿದ್ದೇನೆ. ಊರಿನಲ್ಲಾದರೆ ಸುದ್ದಿ ತಂದವರೇ, ನಿನಗೆ ಅಮೆ, ದೀಪ ಮುಟ್ಟಬೇಡ ಎಂದು ಹೇಳಿ ಹೋಗುತ್ತಾರೆ. ಮಸ್ಕತ್ತಿನಲ್ಲಿ ಹೇಳುವವರಿಲ್ಲ. ಅಲ್ಲಿ ನಮ್ಮ ವೀಸಾ ಗಂಡನ ಹೆಸರಿನಲ್ಲಿ, ಬಾಡಿಗೆ ಮನೆ ಗಂಡನ ಹೆಸರಿನಲ್ಲಿ, ಆಸ್ಪತ್ರೆಯಲ್ಲಿ ಕರೆಯುವುದೂ ಗಂಡನ ಹೆಸರಿನಲ್ಲೇ. ವರ್ಷಗಟ್ಟಲೆ ಹಾಗೆ ಕರೆಸಿಕೊಂಡು ನಾನು ಯಾವ ಬಳಿಯವಳು ಎನ್ನುವುದೇ ನನಗೆ ಮರೆತುಹೋಗಿತ್ತು. ಲೋಕದ ಮೈಲಿಗೆಯನ್ನೆಲ್ಲ ಕಲ್ಲಿನ ಮೇಲೆ ಹೊರಿಸಿ, ಅದನ್ನು ಪಾಯಿಖಾನೆಯ ಪಕ್ಕ ಕೂರಿಸಿ, ಅಮೆ ಇರುವ ನಾನು ಬೆಳಿಗ್ಗೆ ದೇವರ ಮುಂದೆ ನಿಂತು ದೀಪ ಹಚ್ಚಿದ್ದೆ.

ನೆಲದ ಮೇಲೆ ಕೂತುಬಿಟ್ಟೆ, ನೆಲ ಕಾದಿದ್ದರಿಂದ ಕೂಡಲೇ ಎದ್ದೆ. ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡೆ. ಆಮೇಲೆ ನೋಡಿದರೆ ಆ ಲಾರಿ ಹೋದಾಗ ನಾವು ಉರುಳದೆ ನಿಂತದ್ದು ನೆನಪಾಯಿತು. ಸಿಟ್ಟು ಬಂದ ದೇವರು ಹಾಗೆ ನಿಲ್ಲಿಸಿ ಕೊಡುತ್ತಿರಲಿಲ್ಲ. ಅದನ್ನೂ ಉಪಕಾರದ ಲೆಕ್ಕಕ್ಕೆ ಸೇರಿಸಿಕೊಂಡೆ. ಸಮಾಧಾನವಾದ ಮೇಲೆ ಬುದ್ಧಿಯೂ ಬಂತು.

"ಹಾಗಾದ್ರೆ ಕಲ್ಲು ಮುಂದೆ ಇಡ್ಬಹುದು. ದೇವರ ಹತ್ರ ಹೋಗಬಾರದ್ದು ನಾನು" ಎಂದೆ.

"ಅದನ್ನೇ ನಾನು ಹೇಳಿದ್ದು" ಎಂದರು, ಗೆದ್ದ ಮುಖದಲ್ಲಿ.

"ನೀವು ಒಬ್ಬರೇ ಇಡ್ಬೇಕು. ನಾನು ಆ ಕಡೆ ಬರುವ ಹಾಗಿಲ್ಲ. ದೀಪವೂ ಇನ್ನು ಅಮೆ ಕಳೆಯುವವರೆಗೆ ನೀವೇ ಹಚ್ಚುವುದು."

ಆ ಮುಖ ಇಳಿದುಹೋಯಿತು. ಮದುವೆಯಾದ ಮೇಲೆ ಇವರು ದೀಪ ಹಚ್ಚಿದ್ದೆಂದರೆ ಕರೆಂಟು ಹೋದಾಗ ಮಾತ್ರ.

ಪಾಪ, ಆ ಉರಿಯಲ್ಲಿ ಒಬ್ಬರೇ ಕಲ್ಲನ್ನು ಬಾಗಿಲವರೆಗೆ ಉರುಳಿಸುವಷ್ಟರಲ್ಲಿ ಇವರ ಅಂಗಿ ಹಿಂಡುವ ಹಾಗಾಗಿತ್ತು. ಅಷ್ಟರಲ್ಲಿ ಒಂದು ಪಿಕಪ್ ಬಂದು ನಿಂತಿತು. ಒಬ್ಬ ಒಮಾನಿ, ಜೊತೆಗೆ ಅವನ ತಾಯಿ. ಗಾಡಿ ಕೆಟ್ಟಿದೆ ಎಂದುಕೊಂಡು ಇಳಿದವನು, ಕ್ಯಾರವಾನಿನ ಬಾಗಿಲಲ್ಲಿ ಅರೆಯುವ ಕಲ್ಲನ್ನು ತಬ್ಬಿಕೊಂಡು ನಿಂತ ಇವರನ್ನು ಕಂಡು ಏನನ್ನೂ ಕೇಳದೆ ತೋಳು ಮಡಚಿದ. ಇಬ್ಬರೂ ಸೇರಿ ಯಲ್ಲಾ, ಯಲ್ಲಾ ಎನ್ನುತ್ತಾ ಸಾಗಿಸತೊಡಗಿದರು. ಮುದುಕಿ ನನ್ನ ಪಕ್ಕ ನೆರಳಿನಲ್ಲಿ ಕೂತು, ಹಂಡೆಯ ಮೇಲೆ ಬೆರಳಿನಿಂದ ಕುಟ್ಟಿ, ಇದೇನು ಎಂಬಂತೆ ಹುಬ್ಬು ಏರಿಸಿದಳು. ನಾನು ಮಗುವನ್ನು ತೂಗುವ ಹಾಗೆ ಕೈ ಮಾಡಿ, ಬೆನ್ನಿಗೆ ನೀರು ಹೊಯ್ಯುವ ಹಾಗೆ ಮಾಡಿ, ಸಲಾಲಾ ಎಂದೆ. ಅಷ್ಟೇ ಸಾಕಾಯಿತು. ಅವಳು ನಾಲ್ಕು ಸಲ ಹತ್ತೂ ಬೆರಳು ತೋರಿಸಿದಳು. ಹೌದು, ನಮ್ಮಲ್ಲೂ ನಲ್ವತ್ತು ದಿನ ಎಂದು ತಲೆಯಾಡಿಸಿದೆ. ಮೆಂತೆಯ ಚೀಲ ಬಿಚ್ಚಿ ತೋರಿಸಿದರೆ ಮೂಸಿ ನೋಡಿ, ನನ್ನ ಕೈ ತಟ್ಟಿದಳು. ಆಮೇಲೆ ಕೇಳಿಯೇ ಕೇಳಿದಳು, "ವಲದ್? ಬಿಂತ್?" ಗಂಡೋ ಹೆಣ್ಣೋ ಎಂದು. ಅಷ್ಟು ಅರಬಿ ನನಗೆ ಬರುತ್ತಿತ್ತು. ನಾನು ಉತ್ತರ ಹೇಳದೆ ಇವರ ಕಡೆ ಕೈ ತೋರಿಸಿದೆ. ಮಗ ಅದನ್ನೇ ಇವರಿಗೆ ಕೇಳಿದ. ಇವರು ತಲೆ ತುರಿಸಿಕೊಂಡು, ಗೊತ್ತಿಲ್ಲ ಎಂದರು. ಆ ತಾಯಿ ಮಗ ಇಬ್ಬರೂ ಇವರನ್ನು ನೋಡಿದ ನೋಟವನ್ನು ನಾನು ಈಗಲೂ ಬೇಸರವಾದಾಗ ನೆನಪು ಮಾಡಿಕೊಳ್ಳುತ್ತೇನೆ. ಹೋಗುವಾಗ ಮುದುಕಿ ಒಂದು ಡಬ್ಬಿ ಖರ್ಜೂರವನ್ನು ಇವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು ಹೋದಳು.

ಆಮೇಲೆ ಕ್ಯಾರವಾನ್ ಅಲ್ಲಾಡಲಿಲ್ಲ. ಅಕ್ಕಿ, ಕಲ್ಲು, ಹಂಡೆ, ನೀರು ಎಲ್ಲವನ್ನೂ ಸುತ್ತ ಕೂರಿಸಿಕೊಂಡು ದೇವರು ಜಾತ್ರೆಯ ಸಂತೆಯಲ್ಲಿ ಇದ್ದ ಹಾಗೆ ಇದ್ದ. ಯೋಚಿಸಿದರೆ ಅವನಿಗೆ ಅದರಲ್ಲಿ ಬೇಸರ ಇರಲಿಕ್ಕಿಲ್ಲ. ಬಾಣಂತಿ ಕೋಣೆಯ ಎಣ್ಣೆ, ಬಿಸಿನೀರು ಇಲ್ಲದೆ ಅವನೂ ಬೆಳೆದವನಲ್ಲ. ಇದು ನನಗೆ ಮನೆಯಲ್ಲಿ ಹೊಳೆಯಬಹುದಿತ್ತು. ಹೊಳೆಯಲು ನೂರಾರು ಮೈಲು ಜಲ್ಲಿ ಬೇಕಾಯಿತು.

ಸಂಜೆಗೆ ಹೈಮಾ ತಲುಪಿದೆವು. ಮರುಭೂಮಿಯ ನಡುವೆ ಒಂದು ಪೆಟ್ರೋಲ್ ಪಂಪು, ಒಂದು ವಸತಿಗೃಹ, ನಾಲ್ಕು ಅಂಗಡಿ. ಇವರು ಅಲ್ಲಿಂದ ಸುಧಾಕರನಿಗೆ ಫೋನ್ ಮಾಡಿ ಬಂದರು. ನಾಳೆ ಮಧ್ಯಾಹ್ನ ಆಸ್ಪತ್ರೆಯಿಂದ ಬಿಡುತ್ತಾರಂತೆ, ಸಂಜೆಯೇ ಅವನಿಗೆ ಪಾಳಿಯಂತೆ. ಈ ಸಲವಾದರೂ ಕೇಳಿದಿರಾ ಎಂದೆ. ಕೇಳಿದೆ ಎಂದರು. ಎಂತ ಮಗು ಎಂದೆ. "ನಾಳೆ ನೋಡಿದರೆ ಗೊತ್ತಾಗ್ತದೆ" ಎಂದರು. ಕಲ್ಲು ಹೊತ್ತದ್ದರ ಸಿಟ್ಟು ಇದು ಎಂದು ನನಗೆ ತಿಳಿಯಿತು. ಪುನಃ ಕೇಳಬಾರದೆಂದು ಹಟ ಹಿಡಿದೆ. ಕೇಳದೆ ಇರುವುದು ನನಗೆ ಆ ಕಲ್ಲಿಗಿಂತ ಭಾರವಾಯಿತು.

ಮುಸ್ಸಂಜೆಗೆ ದೀಪ ಹಚ್ಚುವ ಹೊತ್ತು. ಇವರು ಕೈಕಾಲು ಮುಖ ತೊಳೆದು ಒಳಗೆ ಹೋದರು. ನಾನು ಹೊರಗೆ ಬಾಗಿಲ ಹತ್ತಿರ ಕೈ ಹಿಂದೆ ಕಟ್ಟಿ ನಿಂತು ಹೇಳಿಕೊಡತೊಡಗಿದೆ. ಎಣ್ಣೆ ಎಷ್ಟು ಎಂದರು. ಬತ್ತಿ ಮುಳುಗುವಷ್ಟು ಎಂದೆ. ಬತ್ತಿ ತೇಲುತ್ತದೆ ಎಂದರು. ಬತ್ತಿ ಹೊಸೆದದ್ದು ನೋಡಿದರೆ ಹಗ್ಗದ ಹಾಗಿತ್ತು. ಹಚ್ಚಿದಾಗ ಜ್ವಾಲೆ ಎದ್ದು ಮಾರ್ಗರೆಟ್ಟರ ಪರದೆಯ ಕಡೆ ಬಾಗಿತು. ಸಣ್ಣ ಮಾಡಿ, ಸಣ್ಣ ಮಾಡಿ ಎಂದು ನಾನು ಹೊರಗಿನಿಂದ ಕೂಗಿದೆ. ಅಂತೂ ದೀಪ ನಿಂತಿತು. ಕೈಮುಗಿದವರು ನಾನು ಮುಗಿಯುವುದಕ್ಕಿಂತ ಹೆಚ್ಚು ಹೊತ್ತು ನಿಂತರು. ಅಷ್ಟು ಹೊತ್ತು ಏನು ಬೇಡಿದಿರಿ ಎಂದರೆ, ಅದು ಅಮೆ ಇರುವವರಿಗೆ ಹೇಳುವ ವಿಷಯ ಅಲ್ಲ ಎಂದರು.

ಮರುದಿನ ಥುಮ್ರೈತ್ ದಾಟಿ ಬೆಟ್ಟ ಇಳಿಯುವಾಗ ಒಮ್ಮೆಲೆ ಗಾಜಿನ ಮೇಲೆ ಮಂಜು, ಆಚೆ ಈಚೆ ಹಸಿರು. ನಿಧಾನ ಹೋಗಿ ಎಂದು ನಾನೂ, ತಡವಾಗುತ್ತದೆ ಎಂದು ನಾನೇ, ಎರಡನ್ನೂ ಹೇಳುತ್ತಾ ಕೂತೆ. ಮನೆ ಹುಡುಕಿ ಬಾಗಿಲು ತಟ್ಟಿದಾಗ ಸುಧಾಕರ ಕೆಲಸದ ಅಂಗಿ ತೊಟ್ಟು ಹೊರಡಲು ನಿಂತಿದ್ದ. ವಿನುತಾ ಮಂಚದ ತುದಿಯಲ್ಲಿ ಬೆನ್ನು ನೇರ ಮಾಡಿ ಕೂತಿದ್ದಳು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮಗು. ಆಸ್ಪತ್ರೆಯಿಂದ ಬಂದ ಮೇಲೆ ಅಲ್ಲಾಡಿದ್ದೇ ಇಲ್ಲವಂತೆ, ಅಲ್ಲಾಡಿದರೆ ಮಗುವಿಗೆ ಏನಾದರೂ ಆದೀತೆಂದು. ಕಾಲು ಜೋಮು ಹಿಡಿದಿತ್ತು. ನನ್ನನ್ನು ಕಂಡು ಗಟ್ಟಿಯಾಗಿಯೇ ಇದ್ದಳು. ನನ್ನ ಹಿಂದೆ ಇವರು ಹಂಡೆ ಹೊತ್ತುಕೊಂಡು ಒಳಗೆ ಬಂದದ್ದನ್ನು ಕಂಡಾಗ ಮಾತ್ರ ಅಳು ತಡೆಯಲಿಲ್ಲ.

"ಚಿಕ್ಕಮ್ಮ, ನನಗೆ ಎಂತದೂ ಗೊತ್ತಿಲ್ಲ" ಎಂದಳು.

"ನನಗೂ ಗೊತ್ತಿರಲಿಲ್ಲ. ನಿನ್ನ ಅಮ್ಮ ಕಲಿಸಿದ್ದು. ಕೊಡು ಇಲ್ಲಿ" ಎಂದು ಮಗುವನ್ನು ಎತ್ತಿಕೊಂಡೆ.

ಬಟ್ಟೆ ಸರಿಸಿ ನೋಡಿದೆ. ಹೆಣ್ಣು. ನಮ್ಮ ಕುಟುಂಬದಲ್ಲಿ ಅಕ್ಕನಿಗೆ ಒಬ್ಬಳೇ ಮಗಳು, ನನಗೆ ಇಬ್ಬರೂ ಗಂಡು. ಈ ಒಂದು ಮುಷ್ಟಿಯಷ್ಟಿನ ಪ್ರಾಣಿಯಿಂದ ಮುಂದಿನ ದಾರಿ ತೆರೆದಿತ್ತು. ತಿರುಗಿ ನೋಡಿದರೆ ಇವರು ಹಂಡೆ ಇಳಿಸದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಹೈಮಾದಲ್ಲಿ ಹೇಳಿದ್ದರೆ ಈ ಮುಖ ತಮಗೆ ನೋಡಲು ಸಿಗುತ್ತಿರಲಿಲ್ಲ ಎಂದು ಆಮೇಲೊಮ್ಮೆ ಹೇಳಿದರು. ನಾನು ಅದನ್ನು ನಂಬಿದ್ದೇನೆ.

ಕ್ಯಾರವಾನನ್ನು ಒಳಗೆ ಹೊರಗೆ ತೊಳೆದು ಒಪ್ಪಿಸಿದೆವು. ಬೆಳ್ಳುಳ್ಳಿ, ಮೆಂತೆಯ ವಾಸನೆ ಮಾತ್ರ ಹೋಗಲಿಲ್ಲ. ಮಾರ್ಗರೆಟ್ ಮೂಗು ಏರಿಸಿ, ಪರದೆಯ ಕರಿ ಕಲೆ ನೋಡಿ, ದಾರಿಯಲ್ಲಿ ಏನೇನು ನೋಡಿದಿರಿ ಎಂದು ಕೇಳಿದರು. ಹೇಳಲು ಹೊರಟರೆ ಬಳಿಯಿಂದ ಸುರು ಮಾಡಬೇಕಾಗುತ್ತಿತ್ತು, ಅಷ್ಟು ಇಂಗ್ಲಿಷು ನನ್ನಲ್ಲಿ ಇರಲಿಲ್ಲ. ಬಹಳ ಚೆನ್ನಾಗಿತ್ತು ಎಂದೆ. ಕಾಲಿನ್ ಸಾಹೇಬರು ಅಲ್ಲಿನ ಸ್ಟೋರು ಸರಿಮಾಡಲು ಇವರನ್ನು ಕೆಲವು ದಿನ ಸಲಾಲಾದಲ್ಲೇ ಇರಿಸಿಕೊಂಡರು. ಅದೂ ಒಂದು ಉಪಕಾರವೇ. ವಿನುತಾಳ ಮನೆಯ ಮುಂದಿನ ಕೋಣೆಗೆ ಇವರೇ ತಂದಿಟ್ಟ ಪಟದ ಮುಂದೆ ಬೆಳಿಗ್ಗೆ ಸಂಜೆ ಇವರ ದೀಪ, ಒಳಗೆ ನನ್ನ ಬಿಸಿನೀರು. ಬೆನ್ನಿಗೆ ಹೊಯ್ದಾಗ ವಿನುತಾ ನನ್ನನ್ನು ಬೈದಳು. ಅಕ್ಕನ ಮಗಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡವಾಯಿತು.

ಅಮೆ ಕಳೆದ ದಿನ ಬೆಳಿಗ್ಗೆ ಬೇಗ ತಲೆಗೆ ಮಿಂದು, ಮಡಚಿಟ್ಟ ಹೊಸ ಸೀರೆ ಉಟ್ಟು, ಇನ್ನು ದೀಪ ನನ್ನದು ಎಂದು ಉತ್ಸಾಹದಿಂದ ದೇವರ ಮುಂದೆ ಹೋದರೆ ದೀಪ ಆಗಲೇ ಉರಿಯುತ್ತಿತ್ತು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಬತ್ತಿ ಮಲ್ಲಿಗೆ ಮೊಗ್ಗಿನಷ್ಟು ತೆಳ್ಳಗೆ. ಪಟಕ್ಕೆ ಎಲ್ಲಿಂದಲೋ ತಂದ ಕೆಂಪು ದಾಸವಾಳ. ಇವರು ಕಣ್ಣು ಮುಚ್ಚಿ ಕೂತಿದ್ದರು.

"ಇವತ್ತಿನಿಂದ ನಾನು ಹಚ್ತೇನೆ" ಎಂದೆ.

"ಇರಲಿ ಮಾರಾಯ್ತಿ, ನಿನಗೆ ಅಲ್ಲಿ ಕೆಲಸ ಉಂಟಲ್ಲ" ಎಂದರು, ಕಣ್ಣು ತೆರೆಯದೆ.

ಇವರಿಗೆ ಸ್ವಲ್ಪ ಭಕ್ತಿ ಕೊಡು ಎಂದು ಮದುವೆಯಾದಂದಿನಿಂದ ದಿನವೂ ಬೇಡಿಕೊಂಡವಳು ನಾನೇ. ಕೊಡುವಾಗ ನನ್ನ ಜಾಗವನ್ನೇ ತೆಗೆದು ಕೊಡುತ್ತಾನೆ ಎನ್ನುವುದು ಗೊತ್ತಿದ್ದರೆ ಎಷ್ಟು ಕೊಡಬೇಕು ಎನ್ನುವುದನ್ನೂ ಸೇರಿಸಿ ಹೇಳುತ್ತಿದ್ದೆ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕಾದೆ. ಅವರು ಏಳುವ ಲಕ್ಷಣ ಕಾಣಲಿಲ್ಲ. ದೇವರೂ ನನ್ನ ಕಡೆ ತಿರುಗಿ ನೋಡಿದ ಹಾಗೆ ಕಾಣಲಿಲ್ಲ. ಒಳಗೆ ಮಗು ಮತ್ತೆ ಒದ್ದೆ ಮಾಡಿಕೊಂಡು ಕಿರುಚಿತು. ನಾನು ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆಯ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ಹೋದೆ.